ಹಳೇ ಗೋದಾಮು ಪಬ್ ಆದರೆ ಉಳಿಯುತ್ತಾ, ಹಾಳಾಗುತ್ತಾ?

ಮಾಳಿಗೆಮನೆ: ಖಾಲಿ ಬಿಟ್ಟ ಕಟ್ಟಡ ಕೆಡೋದು ಮಾಳಿಗೆಯಿಂದ. ಮಳೆನೀರಿನ ಒಂದು ಪೈಪು ಕಟ್ಟಿಕೊಂಡರೆ ಸಾಕು, ನೀರು ಗೋಡೆಗಿಳಿದು ಜಂತೆಯ ತುದಿ ಕೊಳೆಯುತ್ತೆ. ಬಾಡಿಗೆ ಬಂದರೆ ತಾನೇ ರಿಪೇರಿ? ಲಂಡನ್ನಿನ ಕೋವೆಂಟ್ ಗಾರ್ಡನ್ ಹಣ್ಣು-ತರಕಾರಿ ಮಾರುಕಟ್ಟೆ 1974ರಲ್ಲಿ ಬೇರೆಡೆಗೆ ಹೋಯಿತು, 1980ರಲ್ಲಿ ಅದೇ ಕಟ್ಟಡದಲ್ಲಿ ಅಂಗಡಿಗಳು ಬಂದವು. ಪಾರಂಪರಿಕ ಕಟ್ಟಡ ಉಳಿಸೋ ಬಗ್ಗೆ 1964ರಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದ ವೆನಿಸ್ ಚಾರ್ಟರ್‌ನ 5ನೇ ವಿಧಿಯೂ ಕಟ್ಟಡ ಬಳಕೆಯಲ್ಲಿರಲಿ ಅಂತಲೇ ಹೇಳೋದು.

ಲೋಡ್‌ಲೆಕ್ಕ: ಆ ವಿಧಿಯ ಮುಂದಿನ ಸಾಲನ್ನು ನುಂಗಿಬಿಟ್ರಲ್ಲ: ಕಟ್ಟಡದ ವಿನ್ಯಾಸ, ಅಲಂಕಾರ ಬದಲಾಗಕೂಡದು. ಅಂಗಡಿಗೂ ಡ್ಯಾನ್ಸ್ ಫ್ಲೋರಿಗೂ ವ್ಯತ್ಯಾಸ ಇದೆ ಸ್ವಾಮಿ. ಕುಣಿಯುವ ಜಾಗಕ್ಕೆ ಚದರ ಮೀಟರಿಗೆ 5 ಕಿಲೋನ್ಯೂಟನ್ (ಸುಮಾರು 500 ಕೆಜಿ) ಭಾರ ಹಿಡೀಬೇಕು. ಭಾರಕ್ಕಿಂತ ತಾಳ ಅಪಾಯ: ನಿಮಿಷಕ್ಕೆ 120 ಬೀಟ್ ಅಂದರೆ 2 ಹರ್ಟ್ಸ್, ಅದರ ಎರಡು ಮೂರು ಪಟ್ಟು ಮರದ ಅಟ್ಟದ ಸ್ವಂತ ಕಂಪನಕ್ಕೆ ಹೊಂದಿಬಿಟ್ಟರೆ ಅಲುಗಾಟ ಹೆಚ್ಚಿ ಗೋಡೆಯೊಳಗೆ ಕೂತ ಜಂತೆ ಸಡಿಲ ಆಗುತ್ತೆ.

ಮಾಳಿಗೆಮನೆ: "ಮರದ ಅಟ್ಟ" ಕಷ್ಟವಾದರೆ ನೆಲಮಹಡಿಯಲ್ಲಿ ಕುಣೀಲಿ, ಮೇಲೆ ಮೇಜು ಹಾಕಿ. ಮೂಟೆ ಪೇರಿಸೋಕೆ ಕಟ್ಟಿದ ಅಟ್ಟ ರೀ ಅದು. ಗಿಲಾವು ಕಿತ್ತು ಇಟ್ಟಿಗೆ ತೋರಿಸಿದರೆ ಒಳಾಂಗಣದ ಖರ್ಚೂ ಉಳಿಯಿತು.

ಸುಣ್ಣಗಾರೆ: "ಗಿಲಾವು ಕಿತ್ತು" ಅಂತ ಎಷ್ಟು ಸಲೀಸಾಗಿ ಅಂದ್ಬಿಟ್ರಿ! ಗಿಲಾವಿನಡಿ ಇರೋದು ಹೆಚ್ಚಾಗಿ ಸರಿಯಾಗಿ ಬೇಯದ, ಮೆತ್ತನೆ ಇಟ್ಟಿಗೆ. ಸ್ಯಾಂಡ್‌ಬ್ಲಾಸ್ಟ್ ಮಾಡಿದರೆ, ಅಂದರೆ ರಭಸದಿಂದ ಮರಳು ಹೊಡೆದು ಉಜ್ಜಿದರೆ, ಬೆಂದ ಮೇಲ್ಪದರವೂ ಹೋಯಿತು. ಪುಡಿ ಉದುರುತ್ತೆ ಅಂತ ಮೇಲೆ ಪಾಲಿಷ್ ಹೊಡೀತಾರೆ. ತೇವ ಹೊರಬರೋಕಾಗದೆ ಉಪ್ಪು ಪದರದ ಹಿಂದೆಯೇ ಹರಳುಗಟ್ಟಿ ಇಟ್ಟಿಗೆಯ ಮುಖ ಚಕ್ಕೆ ಚಕ್ಕೆಯಾಗಿ ಬೀಳುತ್ತೆ.

ಮಾಳಿಗೆಮನೆ: ಗೋದಾಮಿನ ಒಳಗೋಡೆಗೆ ಎಷ್ಟೋ ಕಡೆ ಗಿಲಾವೇ ಇರಲಿಲ್ಲ, ಸುಣ್ಣ ಬಳೀತಿದ್ರು ಅಷ್ಟೆ.

ಸುಣ್ಣಗಾರೆ: ಇಲ್ಲದ ಗಿಲಾವನ್ನು ಕೀಳ್ತೀನಿ ಅಂದೋರು ಯಾರು? 😄

ಬೇಸ್‌ಬಾಕ್ಸ್: "ಸುಣ್ಣ ಬಳೀತಿದ್ರು ಅಷ್ಟೆ" ಅಂತೆ. ಇಟ್ಟಿಗೆಯ ಸಂದುಗಳನ್ನು ಮುಚ್ಚೋದೇ ಗಿಲಾವು, ಅದು ಹೋದರೆ ಸದ್ದು ಅಲ್ಲಿಂದಲೇ ನುಸುಳುತ್ತೆ. ಆದರೂ 63 ಹರ್ಟ್ಸ್ ಬೇಸ್‌ಗೆ (ಎದೆಗೆ ಬಡಿಯೋ ಧಿಂ ಧಿಂ ಸದ್ದಿಗೆ) ಗಿಲಾವು ಏನೂ ಅಲ್ಲ. ಹಳೇ ಗೋಡೆಗೆ ತಾಗದ ಹಾಗೆ ಒಳಗೆ ಡಬ್ಬದಂಥ ಇನ್ನೊಂದು ಕೋಣೆ ಕಟ್ಟಬೇಕು, ರಬ್ಬರ್ ಪ್ಯಾಡ್ ಮೇಲೆ ತೇಲುವ ನೆಲ ಸಮೇತ. ಒಂದೇ ಒಂದು ಪೈಪು ಎರಡೂ ಗೋಡೆಗೆ ತಾಗಿದರೆ ಮಾಡಿದ್ದೆಲ್ಲ ನೀರುಪಾಲು.

ಸುಣ್ಣಗಾರೆ: "ಗಿಲಾವು ಏನೂ ಅಲ್ಲ"?? ಡಬ್ಬದ ಹಿಂದೆ ಗಾಳಿಯಾಡದೆ ಗೋಡೆ ಬೆವರುತ್ತಲ್ಲ, ಅದನ್ನು ಯಾರು ನೋಡ್ತಾರೆ?

ಲೋಡ್‌ಲೆಕ್ಕ: ಗಿಲಾವು ಬಿಟ್ಟು ಮೆಟ್ಟಿಲು ನೋಡ್ರಪ್ಪಾ. ಕುಣಿಯೋರಿಗೆ ತಲೆಗೆ 0.65 ಚದರ ಮೀಟರ್ ಅಂತ ಹಿಡಿದರೆ 200 ಚದರ ಮೀಟರ್ ಹಾಲಿನಲ್ಲಿ 300 ಜನ ದಾಟ್ತಾರೆ. ಇರೋದು ಒಂದೇ ಮರದ ಮೆಟ್ಟಿಲು, ಬಾಗಿಲು ಒಳಕ್ಕೆ ತೆರೆಯುತ್ತೆ. ಎರಡನೇ ಮೆಟ್ಟಿಲು ಎಲ್ಲಿ ಕೊರೀತೀರಿ?

ಮಾಳಿಗೆಮನೆ: "ಕೊರೀತೀರಿ" ಯಾಕೆ? ಹಿತ್ತಲ ಕಡೆ ಹೊರಗೆ ಕಬ್ಬಿಣದ ಮೆಟ್ಟಿಲು ನಿಲ್ಲಿಸಿ. ಗಾರೆ ಸಂದಿನಲ್ಲಿ ಬೋಲ್ಟ್, ಇಟ್ಟಿಗೆಗೆ ತೂತಿಲ್ಲ, ಬೇಡವಾದ ದಿನ ಬಿಚ್ಚಬಹುದು.

ಸುಣ್ಣಗಾರೆ: ಗಾರೆ ಸಂದಿನಲ್ಲಿ ಮೆಟ್ಟಿಲಿನ ಭಾರ!! ಬೋಲ್ಟ್ ಕೈಯಲ್ಲೇ ಬರುತ್ತೆ. ಆಮೇಲೆ ಸಿಮೆಂಟ್ ತುಂಬ್ತೀರಿ, ತೇವ ಇಟ್ಟಿಗೆಗೆ ತಿರುಗುತ್ತೆ. ಸಂದಿನ ಅಗಲದ ಎರಡರಷ್ಟು ಆಳಕ್ಕೆ ಕೈಯಿಂದ ಕೆದಕಿ, 1 ಸುಣ್ಣಕ್ಕೆ 3 ಮರಳು, ಒದ್ದೆ ಗೋಣಿ ಹೊದಿಸಿ ಇಡಬೇಕು. ಗ್ರೈಂಡರ್ ಮುಟ್ಟಕೂಡದು.

ಲೋಡ್‌ಲೆಕ್ಕ: ಮೆಟ್ಟಿಲಿಗೆ ಅದರದೇ ನಾಲ್ಕು ಕಂಬ, ಅದರದೇ ಪಾಯ ಇದ್ದರೆ ಗೋಡೆಗೆ ಭಾರವೇ ಬರಲ್ಲ. ಆದರೆ ಒಳಕ್ಕೆ ತೆರೆಯೋ ಆ ಬಾಗಿಲಿಗೆ ಏನು ಮಾಡ್ತೀರಿ? ಜನ ನುಗ್ಗಿದರೆ ತೆಗೆಯೋಕಾಗಲ್ಲ.

ಬೇಸ್‌ಬಾಕ್ಸ್: ಬಾಗಿಲು ಹೊರಕ್ಕೆ ತೆರೆದರೆ ಸದ್ದೂ ಹೊರಕ್ಕೇ. ಎರಡು ಬಾಗಿಲು, ನಡುವೆ ಪುಟ್ಟ ಲಾಬಿ ಹಾಕಿ.

ಸುಣ್ಣಗಾರೆ: ಆ ಲಾಬಿಗೂ ಗಿಲಾವು ಕೀಳ್ತೀರಾ?