ಜವಾಬ್ದಾರಿ ಬಿಗಿ ಮಾಡಿದರೆ ಹೊಸ ಐಡಿಯಾ ನಿಂತುಬಿಡುತ್ತದಾ? ಅನುಭವ ಇದ್ದವರು ಹೇಳಿ

ತಾರಿಹಾಳದಿಂದ ಪ್ರಶ್ನೆ: ನಮ್ಮದು ವಾಲ್ವ್ ಬಿಡಿಭಾಗ ಮಾಡುವ ಸಣ್ಣ ಘಟಕ. ಹೊಸದೇನಾದರೂ ಮಾಡೋಣ ಅಂದರೆ ಎಲ್ಲರೂ ಹೂಂ ಅಂತಾರೆ, ಆಮೇಲೆ ಯಾರೂ ಕೈ ಹಾಕುವುದಿಲ್ಲ. ಕೆಟ್ಟರೆ ‘ನಾನಲ್ಲ’. ಬಿಗಿ ಮಾಡಬೇಕು ಅಂತ ಇದ್ದೇನೆ, ಆದರೆ ಹುಡುಗರು ಇನ್ನೂ ಹೆದರಿದರೆ?

ಗೋಕುಲ ರಸ್ತೆಯಿಂದ: ಬಿಗಿ ಅಂದರೆ ದಂಡ ಅಂತಾದರೆ ಬೇಡ್ರಿ. ನಾನು ಮೊದಲಿದ್ದ ಕಡೆ ಜಾಬ್, ಅಂದರೆ ಮಾಡಿದ ಪೀಸ್, ರಿಜೆಕ್ಟ್ ಆದರೆ ಪಗಾರದಲ್ಲಿ ಹಿಡಿಯುತ್ತಿದ್ದರು. ಕೆಟ್ಟ ಪೀಸ್ ಸ್ಕ್ರ್ಯಾಪ್ ಡಬ್ಬಿಗೆ ಬರುವುದೇ ನಿಂತಿತು, ಎಲ್ಲಿ ಹೋಗುತ್ತಿತ್ತು ಅಂತ ಮಾತ್ರ ಕೇಳಬೇಡಿ. ಈಗಿನ ಶಾಪಿನಲ್ಲಿ ಹೊಸ ಫಿಕ್ಸ್ಚರ್ (ಪೀಸನ್ನು ಮಷೀನಿನಲ್ಲಿ ಹಿಡಿದಿಡುವ ಸಾಧನ) ಟ್ರಯಲ್ ಅಂದರೆ ಬೋರ್ಡಿನ ಮೇಲೆ ಒಬ್ಬನದೇ ಹೆಸರು. ಪಕ್ಕದಲ್ಲಿ ಎಷ್ಟು ಪೀಸ್‌ವರೆಗೆ ಹಾಳಾದರೆ ನಡೆಯುತ್ತದೆ, ಯಾವತ್ತು ತೋರಿಸಬೇಕು ಅಂತ ಬರೆಯುತ್ತೇವೆ. ಅಷ್ಟರೊಳಗೆ ಕೆಟ್ಟರೆ ಯಾರೂ ಬೈಯುವಂತಿಲ್ಲ, ಆದರೆ ಏನಾಯಿತು ಅಂತ ಎಲ್ಲರೆದುರು ಅವನೇ ಹೇಳಬೇಕು. ಲೇತ್ ಹುಡುಗನೊಬ್ಬ ಹೀಗೇ ಕ್ಲ್ಯಾಂಪ್ ಬದಲಿಸಿದ, ಜಾಬ್ ಅದುರಿ ಫಿನಿಶ್ ಹಾಳಾಯಿತು, ಅದನ್ನು ಬಾಯಿಬಿಟ್ಟು ಹೇಳಿದ್ದಕ್ಕೇ ಮಿಲ್ಲಿಂಗ್‌ನವರು ಬಂದು ಸಪೋರ್ಟ್ ಎಲ್ಲಿ ಕೊಡಬೇಕು ಅಂತ ತೋರಿಸಿದರು. ಈಗ ಅದೇ ಕ್ಲ್ಯಾಂಪ್ ಓಡುತ್ತಿದೆ.

ವಿದ್ಯಾನಗರದಿಂದ: ನಾನು ಸಾಫ್ಟ್‌ವೇರ್‌ನವನು, ಆದರೂ ಹೇಳುತ್ತೇನೆ. ಟೊಯೋಟಾ ಲೈನಿನಲ್ಲಿ ತೊಂದರೆ ಕಂಡರೆ ಕೆಲಸಗಾರನೇ ಹಗ್ಗ ಎಳೆಯುತ್ತಾನೆ ಇಲ್ಲವೇ ಗುಂಡಿ ಒತ್ತುತ್ತಾನೆ, ಆ ವ್ಯವಸ್ಥೆಗೆ ಆಂಡಾನ್ ಅಂತಾರೆ. ತಕ್ಷಣ ಟೀಮ್ ಲೀಡರ್ ಬರಬೇಕು, ಸಮಯಕ್ಕೆ ಸರಿಹೋಗದಿದ್ದರೆ ಲೈನು ನಿಲ್ಲುತ್ತದೆ. ಕರೆಯುವುದು ಕೆಲಸಗಾರನ ಜವಾಬ್ದಾರಿ, ಬರುವುದು ಲೀಡರ್‌ನದು. ಹಾರ್ವರ್ಡ್‌ನ ಪ್ರೊಫೆಸರ್ ಏಮಿ ಎಡ್ಮಂಡ್ಸನ್ ಕೂಡ ಹೇಳುವುದು ಹೀಗೇ: ಭಯವೂ ಇಲ್ಲ, ಕೇಳುವವರೂ ಇಲ್ಲ ಅಂದರೆ ಜನ ಆರಾಮಾಗಿ ಕೂರುತ್ತಾರೆ, ಬರೀ ಒತ್ತಡ ಇದ್ದು ಮಾತಾಡಲು ಭಯವಿದ್ದರೆ ಒಳಗೊಳಗೇ ಕುದಿಯುತ್ತಾರೆ. ಧೈರ್ಯವಾಗಿ ಮಾತಾಡಬಹುದು, ಕೆಲಸವೂ ಚೊಕ್ಕ ಆಗಬೇಕು ಅನ್ನುವ ಕಡೆ ಮಾತ್ರ ಕಲಿಯುತ್ತಾರೆ.

ಗದಗದಿಂದ: ಎಲ್ಲರೂ ಹುಡುಗರ ಬಗ್ಗೆಯೇ ಹೇಳಿದಿರಿ, ಮಾಲೀಕರದು? ಪ್ರಿಂಟಿಂಗ್ ಪ್ರೆಸ್‌ನಲ್ಲಿ ಕೆಲಸ ಮಾಡುವಾಗ ಕಾಗದ ಕಡಿಮೆ ಹಾಳಾಗುವ ಲೇಔಟ್ ಒಂದು ಕೊಟ್ಟಿದ್ದೆ. ‘ನೋಡೋಣ’ ಅಂದರು. ಇವತ್ತಿಗೂ ನೋಡ್ತಾ ಇದ್ದಾರೆ! ಆಮೇಲೆ ನಾನ್ಯಾಕೆ ಹೇಳಲಿ? ಬೋರ್ಡಿನ ಮೇಲೆ ಮೊದಲು ನಿಮ್ಮ ಹೆಸರು ಬರೀರಿ ಸರ್, ಯಾವ ತಾರೀಖಿನೊಳಗೆ ಉತ್ತರ ಕೊಡ್ತೀರಿ ಅಂತ. ಬೇಡ ಅನ್ನುವುದಾದರೆ ಯಾಕೆ ಬೇಡ ಅಂತಲೂ.

ತಾರಿಹಾಳದಿಂದ: ಪಗಾರಕ್ಕೆ ಕೈ ಹಚ್ಚುವುದಿಲ್ಲ, ಬೋರ್ಡು ಹಾಕಿಸುತ್ತೇನೆ, ನನ್ನ ಹೆಸರಿನ ಸಮೇತ. ಹಾಳಾಗುವ ಪೀಸಿನ ಮಿತಿ ಹೇಗೆ ಹಾಕೋದು?

ಗೋಕುಲ ರಸ್ತೆಯಿಂದ: ಮಾಲಿನ ರೇಟ್ ನೋಡ್ರಿ. ಎಂಎಸ್ (ಮೈಲ್ಡ್ ಸ್ಟೀಲ್, ಅಗ್ಗದ್ದು) ಇದ್ದರೆ ಸ್ವಲ್ಪ ಕೈ ಸಡಿಲ ಬಿಡಿ, ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್, ದುಬಾರಿ) ಇದ್ದರೆ ಬಿಗಿ. ಮೊದಲ ಟ್ರಯಲ್ ಮಾತ್ರ ಯಾವತ್ತೂ ಉಳಿದ ತುಂಡು ಮಾಲಿನಲ್ಲೇ ಮಾಡಿಸಿ.