ಚೀನಾ ರೇಷ್ಮೆಗೆ ಸುಂಕ: ಡಬ್ಲ್ಯುಟಿಒ ನಿಜವಾಗಲೂ ಅಡ್ಡ ಬರುತ್ತಾ?

ಗೂಡುಸಂತೆ (ಶಿಡ್ಲಘಟ್ಟ): ಗೂಡಿನ ರೇಟು ಬಿದ್ದಾಗಲೆಲ್ಲ ಒಂದೇ ಮಾತು, ‘ಡಬ್ಲ್ಯುಟಿಒ (ವಿಶ್ವ ವ್ಯಾಪಾರ ಸಂಸ್ಥೆ) ಕೈ ಕಟ್ಟಿಹಾಕಿದೆ’ ಅಂತ. ಹಾಗಾದ್ರೆ ಕಚ್ಚಾ ರೇಷ್ಮೆಯ ಆಮದು ಸುಂಕ 2011ರ ಬಜೆಟ್‌ನಲ್ಲಿ ಶೇ 30ರಿಂದ 5ಕ್ಕೆ ಇಳಿದಿದ್ದು, 2013ರಲ್ಲಿ 15ಕ್ಕೆ ಏರಿದ್ದು ಯಾರ ಅಪ್ಪಣೆ ಮೇಲೆ? ಎರಡೂ ದೆಹಲಿಯದೇ ತೀರ್ಮಾನ.

ತಕ್ಕಡಿ: ಸರಿ ಅಣ್ಣ. ಡಬ್ಲ್ಯುಟಿಒದಲ್ಲಿ ನಾವು ಒಪ್ಪಿಕೊಂಡ ಗರಿಷ್ಠ ಮಿತಿಯೊಳಗೆ ಸುಂಕ ಏರಿಸಿದ್ರೆ ಜಿನೀವಾಗೆ (ಅದರ ಕಚೇರಿ ಅಲ್ಲೇ) ಕಾರಣ ಹೇಳಬೇಕಿಲ್ಲ. ಆದ್ರೆ ಚೀನಾಗೆ ಮಾತ್ರ ಬೇರೆ ಸುಂಕ ಬೇಕಂದ್ರೆ ಆಂಟಿ-ಡಂಪಿಂಗ್ ತರದ ದಾರಿ ಹಿಡೀಬೇಕು, ಅಂದ್ರೆ ಅವರ ದೇಶದ ರೇಟಿಗಿಂತ ಅಗ್ಗವಾಗಿ ಇಲ್ಲಿಗೆ ತಂದು ಸುರೀತಿದ್ದಾರೆ (ಡಂಪಿಂಗ್) ಅಂತ ತೋರಿಸಿ ಹೆಚ್ಚುವರಿ ಸುಂಕ ಹಾಕಿಸೋದು. ಡಬ್ಲ್ಯುಟಿಒಗೂ ಮುಂಚಿನ ವ್ಯಾಪಾರ ಒಪ್ಪಂದ, 1947ರ ಗ್ಯಾಟ್‌ನ 6ನೇ ವಿಧಿಯಲ್ಲೇ ಅದಕ್ಕೆ ಜಾಗ ಇತ್ತು, ಲೆಕ್ಕ ಹಾಕೋ ರೀತಿ ಮಾತ್ರ ಅಸ್ಪಷ್ಟ. 1967 ಮತ್ತು 1979ರ ಸಂಹಿತೆಗಳು, ಆಮೇಲೆ ಡಬ್ಲ್ಯುಟಿಒ ಹುಟ್ಟುಹಾಕಿದ ಉರುಗ್ವೆ ಸುತ್ತಿನ ಮಾತುಕತೆ ಅದನ್ನ ಬಿಗಿ ಮಾಡಿದವು. ಈಗ ಡಂಪಿಂಗ್ ಅಂತರ (ಆ ಎರಡು ರೇಟಿನ ನಡುವಿನ ವ್ಯತ್ಯಾಸ) ಶೇ 2ಕ್ಕಿಂತ ಕಡಿಮೆ ಇದ್ರೆ ತನಿಖೆ ಅಲ್ಲಿಗೇ ಮುಗೀತು.

ಲೆಕ್ಕದಪುಸ್ತಕ (ಚಿಂತಾಮಣಿ): ನಮ್ಮವರು ಎಡವೋದು ಅದಕ್ಕೂ ಮುಂಚೆ. ದೇಶದ ಒಟ್ಟು ಉತ್ಪಾದನೆಯಲ್ಲಿ ಕನಿಷ್ಠ ಶೇ 25ರಷ್ಟು ಮಾಡೋರು ಆಂಟಿ-ಡಂಪಿಂಗ್ ತನಿಖೆಯ ಅರ್ಜಿ ಬೆಂಬಲಿಸಬೇಕು. ಉತ್ಪಾದಕರು ಚದುರಿಹೋಗಿದ್ರೆ ಮಾದರಿ ಸಮೀಕ್ಷೆ ಸಾಕು ಅಂತ ಡಬ್ಲ್ಯುಟಿಒದ ಆಂಟಿ-ಡಂಪಿಂಗ್ ಒಪ್ಪಂದದ ಅಡಿಟಿಪ್ಪಣಿ ಹೇಳುತ್ತೆ, ಸರಿ. ಆದ್ರೆ ನಷ್ಟ ತೋರಿಸೋಕೆ ಕೆಜಿ ನೂಲಿಗೆ ಬಿದ್ದ ಖರ್ಚು ಬೇಕಲ್ಲ: ಗೂಡಿನ ಬಿಲ್ಲು, ರೆಂಡಿಟ್ಟ (ಒಂದು ಕೆಜಿ ನೂಲಿಗೆ ಎಷ್ಟು ಕೆಜಿ ಗೂಡು), ಕೂಲಿ, ಸೌದೆ, ಕರೆಂಟು. ನೂಲು ತೆಗೆದ ಮೇಲೆ ಉಳಿದ ಸತ್ತ ಹುಳ ಮಾರಿದ ದುಡ್ಡು ಅದರಲ್ಲಿ ಕಳೀಬೇಕು. ಚೀಟಿಯಲ್ಲಿ ಬರೆದಿಟ್ಟ ಲೆಕ್ಕ ತನಿಖಾಧಿಕಾರಿ ಮುಂದೆ ನಿಲ್ಲಲ್ಲ. ನಿಯಮ ಖಚಿತ ಆದಷ್ಟೂ ಲಾಭ ಆಡಿಟರ್ ಇಟ್ಕೊಂಡೋನಿಗೆ.

ಹಾಸುಹೊಕ್ಕು (ದೊಡ್ಡಬಳ್ಳಾಪುರ): ಗೂಡಿನಿಂದ ನೂಲು ಬಿಚ್ಚೋ ರೀಲರ್‌ಗಳದೇ ಮಾತಾಯ್ತು. ಪವರ್‌ಲೂಮ್‌ನ ಹಾಸು ಎಳೆಗೆ (ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆ) ಒಂದೇ ಸಮನಾದ ನೂಲು ಬೇಕು, ಇಲ್ಲಾಂದ್ರೆ ಎಳೆ ಕಿತ್ತು ಮಗ್ಗ ನಿಲ್ಲುತ್ತೆ. ಸುಂಕ ಏರಿಸಿದ್ರೆ ಆ ಗುಣಮಟ್ಟ ತಾನಾಗಿ ಬರುತ್ತಾ ಸ್ವಾಮಿ? ಇನ್ನು, ಒಂದು ಬೆಲೆ ಗೊತ್ತುಮಾಡಿ ಅದಕ್ಕೆ ಕಮ್ಮಿಯಾದಷ್ಟನ್ನ ಸುಂಕ ಅಂತ ಕಟ್ಟಿಸ್ಕೊಂಡ್ರೆ, ಆಮದುದಾರ ಇನ್‌ವಾಯ್ಸಲ್ಲಿ ರೇಟು ಜಾಸ್ತಿ ಬರೆಸಿ ಪಾರಾಗ್ತಾನೆ.

ತಕ್ಕಡಿ: ಅದಕ್ಕೇ ಕೆಜಿಗೆ ಇಷ್ಟು ಡಾಲರ್ ಅಂತ ನಿಗದಿ ಮಾಡಬೇಕು, ಆಗ ಇನ್‌ವಾಯ್ಸ್ ಆಟ ನಡೆಯಲ್ಲ. ಆದ್ರೂ ಕಳ್ಳದಾರಿ ಪೂರ್ತಿ ಮುಚ್ಚಲ್ಲ. ನೂಲು ದುಬಾರಿ ಆದ್ರೆ ಅದೇ ರೇಷ್ಮೆ ಬಟ್ಟೆಯಾಗಿ ಬಂದಿಳಿಯುತ್ತೆ.

ಗೂಡುಸಂತೆ: ಹಂಗಾದ್ರೆ ನೂಲು, ಬಟ್ಟೆ ಎರಡಕ್ಕೂ ಸೇರಿಸಿ ಒಂದೇ ಅರ್ಜಿ ಹಾಕಿದ್ರೆ?

ಲೆಕ್ಕದಪುಸ್ತಕ: ಆಗಲ್ಲ ಅಣ್ಣ, ಅವೆರಡೂ ಬೇರೆ ಸರಕು. ಬಟ್ಟೆಗೆ ನೇಕಾರರೇ ತಮ್ಮ ಶೇ 25 ಕೂಡಿಸಿ ಬರಬೇಕು. ಹಾಸುಹೊಕ್ಕು ಅವರೇ, ನಿಮ್ಮ ಸಂಘದಲ್ಲಿ ಲೆಕ್ಕ ಇಡೋರು ಎಷ್ಟು ಜನ ಇದ್ದಾರೆ?