ಪದಚರ್ಚೆ: ‘ಲಿಂಕ್ಸ್’ ಗಾಲ್ಫ್ ಮೈದಾನಕ್ಕೆ ಕನ್ನಡದಲ್ಲಿ ಏನನ್ನೋಣ? (ತುರ್ತು)

ಬೆಂಗಳೂರಿನ ಅನುವಾದಕಿ:

ಎಲ್ಲರಿಗೂ ನಮಸ್ಕಾರ. ನಾಳೆ ಸಂಜೆ ಅಚ್ಚಿಗೆ ಹೋಗಬೇಕಾದ ಕೆಲಸ. ದಯವಿಟ್ಟು ಬೇಗ ನೋಡಿ.

ಪ್ರವಾಸದ ಸಂಸ್ಥೆಯೊಂದು ಸ್ಕಾಟ್ಲೆಂಡಿನ ಹಳೆಯ ಗಾಲ್ಫ್ ಮೈದಾನಗಳಿಗೆ ಜನರನ್ನು ಕರೆದುಕೊಂಡು ಹೋಗುತ್ತಿದೆ. ಹೊರಟಿರುವವರು ಕೊಡಗು, ಸಕಲೇಶಪುರ, ಚಿಕ್ಕಮಗಳೂರಿನ ಕಾಫಿ ಬೆಳೆಗಾರರು. ದೊಡ್ಡ ಹೋಟೆಲು, ಓಡಾಟಕ್ಕೆ ಬೇರೆಯೇ ಗಾಡಿ, ಜೊತೆಗೆ ಆಟ ಗೊತ್ತಿರುವ ಗೈಡು. ಹಿರಿಯರು ಕನ್ನಡದಲ್ಲಿ ಒಂದು ಕೈಪಿಡಿ ಬೇಕು ಅಂದಿದ್ದಾರೆ. ಸಂಸ್ಥೆಯವರು ಯಂತ್ರದಲ್ಲಿ ಅನುವಾದ ಮಾಡಿಸಿ, ‘ಸುಮ್ನೆ ಒಂದ್ಸಲ ಕಣ್ಣಾಡಿಸಿ’ ಅಂತ ನನಗೆ ಕಳಿಸಿದ್ದಾರೆ. ಮೊದಲ ಸಾಲು ಹೀಗಿದೆ: ‘ಐತಿಹಾಸಿಕ ಕೊಂಡಿ ಕೋರ್ಸುಗಳಾದ್ಯಂತ ಐಷಾರಾಮಿ ಮಾರ್ಗದರ್ಶಿತ ಗಾಲ್ಫ್ ರಜಾದಿನ.’ ಓದಿದವರು ಯಾವುದೋ ದೂರಶಿಕ್ಷಣದ ಜಾಹೀರಾತು ಅಂದುಕೊಳ್ಳುತ್ತಾರೆ.

‘ಲಿಂಕ್ಸ್’ ಅಂತಲೇ ಬಿಟ್ಟರೆ ವಾಟ್ಸಾಪಿನ ಲಿಂಕ್ ನೆನಪಾಗುತ್ತದೆ. ಅಲ್ಲಿನ ಸೇಂಟ್ ಆಂಡ್ರ್ಯೂಸ್ ಊರಿನ ಹೆಸರಾದ ಮೈದಾನ ‘ಓಲ್ಡ್ ಕೋರ್ಸ್’. ಹಾಗಂದರೆ ಓದುವವರಿಗೆ ಹಳೇ ಸಿಲಬಸ್. ಇನ್ನು ಆಟ ಶುರುಮಾಡುವ ಹೊತ್ತಿಗೆ ‘ಟೀ ಟೈಮ್ ಬೆಳಿಗ್ಗೆ 7.10’ ಅಂತಿದೆ. ಕಾಫಿ ಬೆಳೆಯುವವರ ಕೈಗೆ ಇದನ್ನು ಹೇಗೆ ಕೊಡಲಿ? ಸೇಂಟ್ ಆಂಡ್ರ್ಯೂಸ್‌ನಲ್ಲಿ ಆಡಲು ‘ಬ್ಯಾಲೆಟ್’ ಇದೆಯಂತೆ. ಯಂತ್ರ ಅದನ್ನು ‘ಮತದಾನ’ ಮಾಡಿದೆ. ಮುಖ್ಯವಾಗಿ ಲಿಂಕ್ಸ್‌ಗೆ ಒಂದು ಪದ ಕೊಡಿ.

ಮೈಸೂರಿನ ಮೇಷ್ಟ್ರು:

ಇದರಲ್ಲಿ ಕೇಳುವುದೇನಿದೆ? ಲಿಂಕ್ ಅಂದರೆ ಕೊಂಡಿ, ಸರಪಳಿ. ಚೆಂಡು ಬೀಳಿಸುವ ಒಂದು ಕುಳಿಯಿಂದ ಇನ್ನೊಂದು ಕುಳಿಗೆ ಆಟ ಕೊಂಡಿಯ ಹಾಗೆ ಸಾಗುತ್ತದೆ, ಅದಕ್ಕೇ ಆ ಹೆಸರು. ‘ಸರಪಳಿ ಬಯಲು’ ಅನ್ನಿ. ‘ಗಾಲ್ಫ್’ ಕೂಡ ಬೇಡ, ‘ಕುಳಿಚೆಂಡು’ ಸಾಕು. ‘ಐಷಾರಾಮಿ’ ಅರಬ್ಬಿ ಪಾರಸಿ, ‘ರಜೆ’ ಅರಬ್ಬಿ, ‘ಐತಿಹಾಸಿಕ’ ಸಂಸ್ಕೃತ. ಇಡೀ ಸಾಲಿನಲ್ಲಿ ಕನ್ನಡದ್ದು ಅಂತ ಇರುವುದು ಆ ‘ಕೊಂಡಿ’ ಒಂದೇ. ಅದನ್ನೂ ತೆಗೆಯಲು ಹೊರಟಿದ್ದೀರಿ.

ಡಂಡೀಯ ಡಾಕ್ಟರು:

ಮೇಷ್ಟ್ರೇ, ಸರಪಳಿಗೂ ಇದಕ್ಕೂ ನಂಟಿಲ್ಲ. ಕೊಂಡಿಯ ಲಿಂಕ್ ಬೇರೆ, ಈ ಲಿಂಕ್ಸ್ ಬೇರೆ. ಇದು ಹಳೆಯ ಇಂಗ್ಲಿಷಿನ ‘ಹ್ಲಿಂಕ್’ ಎಂಬ ಪದದಿಂದ ಬಂದದ್ದು. ಅರ್ಥ ದಿಬ್ಬ, ಏರು ನೆಲ. ಸ್ಕಾಟ್ಲೆಂಡಿನ ಜನ ಅದನ್ನು ಕಡಲ ತಡಿಯ ಏರುಪೇರಿನ ಮರಳು ನೆಲಕ್ಕೆ ಬಳಸಿದರು. ಆಟ ಆಮೇಲೆ ಬಂತು, ನೆಲದ ಹೆಸರು ಮೊದಲಿಂದ ಇತ್ತು.

ಸ್ಕಾಟ್ಲೆಂಡಿನಲ್ಲಿ ನಾನಿರುವ ಡಂಡೀ ಊರಿನಿಂದ ಟೇ ನದಿಯ ಸೇತುವೆ ದಾಟಿದರೆ ಸೇಂಟ್ ಆಂಡ್ರ್ಯೂಸ್ ಹತ್ತಿರವೇ. ಆ ನೆಲ ನೋಡಿದರೆ ಪದ ತಾನಾಗಿ ಹೊಳೆಯುತ್ತದೆ. ಅಡಿಯಲ್ಲಿ ಬರೀ ಮರಳು. ಮಳೆ ಬಿದ್ದರೆ ಕ್ಷಣದಲ್ಲಿ ಇಂಗುತ್ತದೆ. ಮೇಲೆ ಗಿಡ್ಡ, ಗಟ್ಟಿ ಹುಲ್ಲು. ಉಳುಮೆಗೆ ಆಗದ ಜಾಗ, ಅದಕ್ಕೇ ಕುರಿ ಮೇಯಲು ಬಿಟ್ಟಿದ್ದರು. ಮರಗಳಿಲ್ಲ. ಹಳದಿ ಹೂ ಬಿಡುವ ಮುಳ್ಳಿನ ಪೊದೆ ಜಾಸ್ತಿ. ಚೆಂಡು ಬಿದ್ದಲ್ಲಿ ನಿಲ್ಲುವುದಿಲ್ಲ, ಪುಟಿದು ಎಲ್ಲೆಲ್ಲೋ ಓಡುತ್ತದೆ. ಗಾಳಿಯನ್ನಂತೂ ಕೇಳಲೇಬೇಡಿ. ಬೆಂಗಳೂರಿನ ಹಸಿ ಹುಲ್ಲಿನ ಮೇಲೆ ಆಡಿದವರು ಇಲ್ಲಿ ಮೊದಲ ದಿನ ತಬ್ಬಿಬ್ಬಾಗುತ್ತಾರೆ. ಕೈಪಿಡಿಯಲ್ಲಿ ಇದನ್ನು ಎರಡು ಸಾಲು ಬರೆದರೆ ಪದಕ್ಕಿಂತ ಜಾಸ್ತಿ ಉಪಯೋಗ.

ಮೈಸೂರಿನ ಮೇಷ್ಟ್ರು:

ದಿಬ್ಬ ಅಂತಾದರೆ ‘ಮಳಲದಿಬ್ಬ’ ಅನ್ನಿ. ‘ಮರಳು’ ಬೇಡ. ಅದಕ್ಕೆ ಹಿಂದಿರುಗು ಅನ್ನುವ ಅರ್ಥವೂ ಇದೆ, ‘ಮರುಳು’ ಅಂತ ತಪ್ಪಾಗಿ ಓದುವವರೂ ಇದ್ದಾರೆ. ಹಳಗನ್ನಡದ ಮಳಲ್, ತಮಿಳಿನ ಮಣಲ್, ಎರಡೂ ಒಂದೇ ಬೇರು. ಇಂಥ ಪದ ಮನೆಯಲ್ಲಿ ಇರುವಾಗ ಪಕ್ಕದ ಮನೆಗೆ ಕೈ ಚಾಚುವುದೇಕೆ?

ಕುಂದಾಪುರದ ಕಡೆಯವರು:

ಮಳಲು ಅಂತೆ! ಈಗ ಯಾರ ಬಾಯಲ್ಲಿದೆ ಸ್ವಾಮಿ ಅದು? ಕಡಲಿನ ಪಕ್ಕ ಇರುವವರನ್ನು ಕೇಳಿ. ನಾವು ಹೇಳುವುದು ಹೊಯಿಗೆ. ಮಂಗಳೂರಿನಲ್ಲಿ ಹೊಯಿಗೆ ಬಜಾರ್ ಅಂತ ಜಾಗವೇ ಇದೆ. ಡಾಕ್ಟ್ರು ಹೇಳಿದಂಥ ನೆಲ ನಮ್ಮಲ್ಲೂ ಇತ್ತು. ಅಲೆ ಬಡಿಯುವ ಜಾಗ ದಾಟಿದ ಮೇಲೆ ಸಣ್ಣ ದಿಬ್ಬ, ಅದರಾಚೆ ಹುಲ್ಲು, ಅದರಾಚೆ ಗದ್ದೆ. ಈಗ ಅಲ್ಲೆಲ್ಲ ಗಾಳಿಮರ ನೆಟ್ಟಿದ್ದಾರೆ, ಇಲ್ಲವೇ ರೆಸಾರ್ಟು. ‘ಹೊಯಿಗೆ ಬಯಲು’ ಅನ್ನಿ. ಚಂದ ಇದೆ.

ವಿರಾಜಪೇಟೆಯಿಂದ:

ಹೊಯಿಗೆ ಅಂದರೆ ನಮ್ಮ ಮಾವನಿಗೆ ಅರ್ಥವಾಗುವುದಿಲ್ಲ. ಮಳಲು ಅಂದರೂ ಇಲ್ಲ. ಲಿಂಕ್ಸ್ ಅಂದರೆ ಆಗುತ್ತದೆ! ಇಲ್ಲಿ ಬಿಟ್ಟಂಗಾಲದಲ್ಲಿ ಇರುವ ಮೈದಾನದ ಹೆಸರೇ ‘ಕೂರ್ಗ್ ಗಾಲ್ಫ್ ಲಿಂಕ್ಸ್’. ಬೋರ್ಡಿನಲ್ಲೇ ಇದೆ. ಸುತ್ತ ಗದ್ದೆ, ಕಾಫಿ ತೋಟ. ಕಡಲು ಎಲ್ಲಿದೆ, ನಾವೆಲ್ಲಿದ್ದೇವೆ! ನೀವು ‘ಕಡಲತಡಿಯ ಮರಳು ನೆಲ’ ಅಂತ ಅರ್ಥ ಕೊಟ್ಟರೆ, ‘ಹಾಗಾದರೆ ನಮ್ಮದು ಲಿಂಕ್ಸ್ ಅಲ್ವಾ?’ ಅಂತ ಮೊದಲು ಕೇಳುವವರು ಇವರೇ.

ಡಂಡೀಯ ಡಾಕ್ಟರು:

ಒಳ್ಳೆಯ ಮಾತು ಎತ್ತಿದಿರಿ ಅಕ್ಕ. ಇಲ್ಲೂ ಹಾಗೇ. ಎಡಿನ್‌ಬರೋ ನಗರದ ನಡುವೆ ‘ಬ್ರಂಟ್ಸ್‌ಫೀಲ್ಡ್ ಲಿಂಕ್ಸ್’ ಇದೆ. ಅಲ್ಲಿ ಕಡಲತಡಿಯೂ ಇಲ್ಲ, ಮರಳೂ ಇಲ್ಲ. ಆದರೆ ಈ ಪ್ರವಾಸ ಮಾರುವವರು ‘ಲಿಂಕ್ಸ್’ ಅಂತ ಒತ್ತಿ ಹೇಳುವುದು ಕಡಲತಡಿಯ ಹಳೆಯ ಮೈದಾನಗಳಿಗೆ ಮಾತ್ರ. ದುಡ್ಡು ಕೊಡುವುದೇ ಆ ಗಾಳಿ, ಆ ಮರಳಿಗೆ. ಹಾಗಾಗಿ ಅರ್ಥ ಬಿಡಿಸಿ ಹೇಳಲೇಬೇಕು.

ಇನ್ನೊಂದು ಸಂಗತಿ. ಪಶ್ಚಿಮದ ದ್ವೀಪಗಳಲ್ಲಿ ಇಂಥ ಮರಳು ಹುಲ್ಲುಗಾವಲಿಗೆ ಗೇಲಿಕ್ ಮಾತಿನಲ್ಲಿ ‘ಮಾಖರ್’ ಅಂತಾರೆ.

ಮೈಸೂರಿನ ಮೇಷ್ಟ್ರು:

ಮಾಖರ್! ನಮ್ಮ ‘ಮಾಳ’ ನೋಡಿ. ಗೋಮಾಳದ ಮಾಳ. ಎತ್ತರದ ಬಯಲು. ದನಕರು ಮೇಯುವ ನೆಲ. ಉಲಿಯೂ ಹತ್ತಿರ, ಹುರುಳೂ ಹತ್ತಿರ. ಇದು ಸುಮ್ಮನೆ ಆದದ್ದಲ್ಲ. ‘ಕಡಲಮಾಳ’! ಇನ್ನು ಚರ್ಚೆ ಬೇಕಿಲ್ಲ.

ಧಾರವಾಡದಿಂದ:

ಎರಡೂ ‘ಮಾ’ ಇಂದ ಶುರುವಾಗುತ್ತವೆ ಅಂತ ನೆಂಟಸ್ತಿಕೆ ಕಟ್ಟಬೇಡಿ. ಮಾವು, ಮಾರ್ಕೆಟ್ಟು ಕೂಡ ‘ಮಾ’ ಇಂದಲೇ.

ಕುಂದಾಪುರದ ಕಡೆಯವರು:

ನಂಟು ಸುಳ್ಳು. ಆದರೆ ಪದ ಕೆಟ್ಟದ್ದೇನಲ್ಲ. ನನ್ನ ಹೊಯಿಗೆ ಬಿಟ್ಟುಕೊಡುವುದಿಲ್ಲ ಅನ್ನುವುದು ಬೇರೆ ಮಾತು.

ಡಂಡೀಯ ಡಾಕ್ಟರು:

ಮೇಷ್ಟ್ರ ಕಾರಣ ತಪ್ಪು, ಪದ ಸರಿ. ಗೋಮಾಳದ ನೆನಪು ತಂದರಲ್ಲ, ಅದು ಬಹಳ ಮುಖ್ಯ. ಸೇಂಟ್ ಆಂಡ್ರ್ಯೂಸ್‌ನ ಈ ನೆಲ ಯಾವುದೋ ಕ್ಲಬ್ಬಿನದಲ್ಲ, ಊರಿನದು. ಅಲ್ಲಿ ಆಡುವ ಹಕ್ಕು ಊರಿನವರದು ಅಂತ 1552ರಲ್ಲೇ ಆರ್ಚ್‌ಬಿಷಪ್ ಬರೆದುಕೊಟ್ಟಿದ್ದ ಪತ್ರವಿದೆ. ಈಗಲೂ ಒಂದು ಟ್ರಸ್ಟ್ ನೋಡಿಕೊಳ್ಳುತ್ತದೆ, ಅದನ್ನು 1974ರಲ್ಲಿ ಪಾರ್ಲಿಮೆಂಟಿನ ಕಾಯ್ದೆಯಿಂದ ಮಾಡಿದ್ದು. ಒಂದನೇ ಕುಳಿಗೂ ಹದಿನೆಂಟನೇ ಕುಳಿಗೂ ಹೋಗುವ ಹುಲ್ಲಿನ ಹಾದಿಗೆ ಅಡ್ಡಲಾಗಿ ಒಂದು ಸಾರ್ವಜನಿಕ ರಸ್ತೆ ಇದೆ. ಆಟ ನಡೆಯುವಾಗಲೇ ಕಾರು ದಾಟುತ್ತವೆ. ಪ್ರಪಂಚದ ಅತಿ ಹೆಸರಾದ ಗಾಲ್ಫ್ ಮೈದಾನದಲ್ಲಿ! ಭಾನುವಾರ ಆಟವೇ ಇಲ್ಲ. ಜನ ನಾಯಿ ಹಿಡಿದುಕೊಂಡು, ಮಕ್ಕಳ ಗಾಡಿ ತಳ್ಳಿಕೊಂಡು ಹುಲ್ಲಿನ ಮೇಲೆ ಓಡಾಡುತ್ತಾರೆ. ದೊಡ್ಡ ಪಂದ್ಯ ಇದ್ದರೆ ಮಾತ್ರ ಬೇರೆ.

ಅಂದಹಾಗೆ ತಂಗಿ, ನೀವು ಕಳಿಸಿದ ವೇಳಾಪಟ್ಟಿಯಲ್ಲಿ ಓಲ್ಡ್ ಕೋರ್ಸ್ ಆಟ ಭಾನುವಾರಕ್ಕೆ ಹಾಕಿದ್ದಾರೆ. ಪದ ಆಮೇಲೆ, ಮೊದಲು ಅದನ್ನು ಸಂಸ್ಥೆಯವರಿಗೆ ತಿಳಿಸಿ. ಭಾನುವಾರವನ್ನು ಪ್ರೆಸ್ಟ್‌ವಿಕ್ ಕಡೆ ಹೋಗುವ ಪ್ರಯಾಣಕ್ಕೆ ಇಟ್ಟುಕೊಳ್ಳಲಿ. ಅದು ಪಶ್ಚಿಮ ಕರಾವಳಿ, ದಾರಿಯಲ್ಲೇ ಅರ್ಧ ದಿನ ಹೋಗುತ್ತದೆ. ಗಾಲ್ಫಿನ ಹೆಸರಾದ ಪಂದ್ಯ ‘ಓಪನ್’ 1860ರಲ್ಲಿ ಮೊದಲ ಸಲ ನಡೆದದ್ದು ಅಲ್ಲೇ. ಆಗ ಅಲ್ಲಿ ಇದ್ದದ್ದು 12 ಕುಳಿ. ಒಂದೇ ದಿನ ಮೂರು ಸುತ್ತು ಆಡಿದರು. ಒಂದು ಸುತ್ತಿಗೆ 18 ಕುಳಿ ಅನ್ನುವ ಈಗಿನ ಲೆಕ್ಕ ಸೇಂಟ್ ಆಂಡ್ರ್ಯೂಸ್‌ನದು. 1764ರವರೆಗೆ ಅಲ್ಲಿ ಒಂದು ಸುತ್ತಿಗೆ 22 ಕುಳಿ ಇತ್ತು, ಕೆಲವನ್ನು ಸೇರಿಸಿ 18 ಮಾಡಿದರು.

ಬೆಂಗಳೂರಿನ ಅನುವಾದಕಿ:

ಡಾಕ್ಟ್ರೇ, ತುಂಬಾ ಉಪಕಾರವಾಯಿತು. ಭಾನುವಾರದ ವಿಷಯ ಫೋನ್ ಮಾಡಿ ಹೇಳಿದೆ. ‘ಪ್ರೂಫ್ ನೋಡೋಕೆ ಕೊಟ್ರೆ ಪ್ಲ್ಯಾನೇ ಬದಲಾಯಿಸ್ತಿದ್ದೀರಲ್ಲ ಮೇಡಂ’ ಅಂದರು. ಆಮೇಲೆ ಬದಲಾಯಿಸಿದರು.

ಬ್ಯಾಲೆಟ್ಟಿಗೆ ಏನು ಬರೆಯಲಿ? ಟೀ ಟೈಮ್‌ಗೆ?

ಡಂಡೀಯ ಡಾಕ್ಟರು:

ಬ್ಯಾಲೆಟ್ ಅಂದರೆ ಇಷ್ಟೇ. ಆಡಬೇಕಾದ ದಿನಕ್ಕೆ ಎರಡು ದಿನ ಮುಂಚೆ ಹೆಸರು ಕೊಡಬೇಕು. ಕನಿಷ್ಠ ಇಬ್ಬರು, ಹೆಚ್ಚೆಂದರೆ ನಾಲ್ವರ ಗುಂಪು. ಸಂಜೆ ಹೊತ್ತಿಗೆ ಯಾರ ಹೆಸರು ಬಂತು ಅಂತ ಹಾಕುತ್ತಾರೆ. ಎಷ್ಟು ದುಡ್ಡಿದ್ದರೂ ಇಲ್ಲಿ ಅದೃಷ್ಟವೇ ಗತಿ. ಹಾಗಾಗಿ ‘ಖಂಡಿತ ಆಡಿಸುತ್ತೇವೆ’ ಅಂತ ಬ್ಯಾಲೆಟ್ ನಂಬಿಕೊಂಡು ಅಚ್ಚು ಹಾಕಿಸಬಾರದು. ಅದು ಸಂಸ್ಥೆಯವರಿಗೆ ಗೊತ್ತಿರಬೇಕು.

ವಿರಾಜಪೇಟೆಯಿಂದ:

ತಿರುಪತಿ ಸೇವೆಗೆ ಲಕ್ಕಿ ಡಿಪ್ ಹಾಕುತ್ತೇವಲ್ಲ, ಅದೇ ತಾನೆ? ‘ಲಕ್ಕಿ ಡಿಪ್’ ಅಂತಲೇ ಬರೆಯಿರಿ. ಒಬ್ಬರೂ ಅರ್ಥ ಕೇಳುವುದಿಲ್ಲ.

ಮೈಸೂರಿನ ಮೇಷ್ಟ್ರು:

‘ಚೀಟಿ ಎತ್ತುವುದು’ ಅನ್ನುವ ಮಾತು ಸತ್ತುಹೋಗಿದೆಯೇ? ಒಂದು ಇಂಗ್ಲಿಷ್ ಪದ ತೆಗೆಯಲು ಇನ್ನೆರಡು ಇಂಗ್ಲಿಷ್ ಪದ! ಹೀಗೇ ಆದರೆ ನಮ್ಮ ಮೊಮ್ಮಕ್ಕಳಿಗೆ ಕನ್ನಡದಲ್ಲಿ ಉಳಿಯುವುದು ‘ಮತ್ತು’, ‘ಆದರೆ’ ಎರಡೇ.

ಧಾರವಾಡದಿಂದ:

‘ಚೀಟಿ’ ಎಲ್ಲಿಂದ ಬಂತು ಮೇಷ್ಟ್ರೇ? ಹಿಂದಿಯಲ್ಲಿ ಚಿಟ್ಠಿ, ಮರಾಠಿಯಲ್ಲಿ ಚಿಠ್ಠಿ. ಮನೆಯ ಅಲಮಾರು ಪೋರ್ಚುಗೀಸರದು. ನಾವು ಎಣಿಸುವ ಪಗಾರವೂ ಅವರದೇ. ಹೊಲ ಬಿಟ್ಟು ‘ಜಮೀನು’ ಅಂದೆವು, ಅದು ಪಾರಸಿ. ನಿಮ್ಮ ‘ಗೋಮಾಳ’ದ ಅರ್ಧ ಸಂಸ್ಕೃತ. ಬಂದವರು ಮನೆಯವರಾಗಿ ಎಷ್ಟೋ ಕಾಲವಾಯಿತು, ನೀವು ಇನ್ನೂ ಬಾಗಿಲಲ್ಲಿ ನಿಂತು ಊರು ಕೇಳುತ್ತಿದ್ದೀರಿ. ಗಾಲ್ಫ್ ಅಂದರೆ ಗಾಲ್ಫ್. ಬೆಂಗಳೂರಿನಲ್ಲಿ 1876ರಿಂದ ಗಾಲ್ಫ್ ಕ್ಲಬ್ ಇದೆ. ಇಷ್ಟು ವರ್ಷ ಬಾಯಲ್ಲಿ ಇದ್ದ ಪದವನ್ನು ‘ಕುಳಿಚೆಂಡು’ ಅಂತ ಬದಲಾಯಿಸಿದರೆ ಕೇಳಿದವರು ಗೋಲಿ ಆಟ ಅಂದುಕೊಳ್ಳುತ್ತಾರೆ.

ಮೈಸೂರಿನ ಮೇಷ್ಟ್ರು:

ಎರವಲು ಬೇಡ ಅಂತ ನಾನು ಅನ್ನಲಿಲ್ಲ. ಬೇಕಿಲ್ಲದಾಗ ಬೇಡ ಅಂದೆ. ಎರಡಕ್ಕೂ ವ್ಯತ್ಯಾಸ ತಿಳಿಯದವರ ಜೊತೆ ನನಗೆ ಮಾತಿಲ್ಲ.

ಧಾರವಾಡದಿಂದ:

ಹಾಗಂದ ಮೇಲೂ ಬರೆಯುತ್ತೀರಿ, ಗೊತ್ತು.

ಕುಂದಾಪುರದ ಕಡೆಯವರು:

ಜಗಳ ಆಮೇಲೆ. ‘ಟೀ’ ಬಗ್ಗೆ ಯಾರೂ ಹೇಳಲಿಲ್ಲ. ಇಂಗ್ಲಿಷಿನಲ್ಲಿ ಬರೆದಾಗ ಎರಡು ಬೇರೆ ಕಾಣುತ್ತವೆ, ನಮ್ಮ ಲಿಪಿಯಲ್ಲಿ ಚಹಾ ಮತ್ತು ಗಾಲ್ಫ್ ಎರಡೂ ಒಂದೇ ‘ಟೀ’. ‘ಮೊದಲ ಹೊಡೆತ ಬೆಳಿಗ್ಗೆ 7.10ಕ್ಕೆ’ ಅನ್ನಿ. ಹಾಗೇ ಒಂದು ಅನುಮಾನ. ಮೈದಾನದ ಮರಳಿನ ಗುಂಡಿಗೆ ‘ಬಂಕರ್’ ಅಂದರೆ ಪೇಪರ್ ಓದುವವರಿಗೆ ಗಡಿಯ ಸೈನಿಕರ ಬಂಕರ್. ಅದಕ್ಕೇನು?

ಡಂಡೀಯ ಡಾಕ್ಟರು:

ಬಂಕರ್ ಅನ್ನುವುದು ಸ್ಕಾಟ್ ಮಾತಿನಲ್ಲಿ ಪೆಟ್ಟಿಗೆ, ಕೂರುವ ಬೆಂಚು. ಸೇನೆಯ ಅರ್ಥ ಆಮೇಲೆ ಅಂಟಿಕೊಂಡದ್ದು. ಗಾಳಿಗೆ ಹೆದರಿ ಕುರಿಗಳು ಮರೆ ಹುಡುಕಿ ಮಲಗಿ ಸವೆದ ಗುಂಡಿಗಳೇ ಬಂಕರ್ ಆದವು ಅಂತ ಇಲ್ಲಿನವರು ಹೇಳುತ್ತಾರೆ. ಓಲ್ಡ್ ಕೋರ್ಸ್‌ನಲ್ಲಿ ಅಂಥವು 112 ಇವೆ. ಹುಲ್ಲಿನ ಹೆಂಟೆಗಳನ್ನು ಒಂದರ ಮೇಲೊಂದು ಪೇರಿಸಿ ಕಟ್ಟಿದ ಗೋಡೆ. ಕೆಲವು ಎಷ್ಟು ಆಳ ಅಂದರೆ, ಒಳಗೆ ಇಳಿದವರ ಟೋಪಿ ಮಾತ್ರ ಹೊರಗೆ ಕಾಣುತ್ತದೆ. ಬಿದ್ದ ಚೆಂಡನ್ನು ಮುಂದಕ್ಕೆ ಹೊಡೆಯಲು ಆಗದೆ ಹಿಂದಕ್ಕೆ ಹೊಡೆದು ಹೊರಬರುವವರೂ ಇದ್ದಾರೆ. ‘ಮರಳುಗುಂಡಿ’ ಸಾಕು. ಆದರೆ ಹದಿನಾಲ್ಕನೇ ಕುಳಿಯ ‘ಹೆಲ್ ಬಂಕರ್’ ಅನ್ನುವುದು ಆ ಗುಂಡಿಗೆ ಇಟ್ಟ ಹೆಸರು. ಅದನ್ನು ‘ನರಕಗುಂಡಿ’ ಮಾಡಬೇಡಿ. ಕೈಯಲ್ಲಿ ಕೈಪಿಡಿ ಹಿಡಿದು, ಆಟದ ಚೀಲ ಹೊತ್ತು ಜೊತೆಗೆ ಬರುವ ಕ್ಯಾಡಿಯನ್ನು ಕೇಳಿದರೆ ಅವನಿಗೆ ತಿಳಿಯಬೇಕಲ್ಲ.

ಇನ್ನೊಂದು ಮಾತು ದಪ್ಪ ಅಕ್ಷರದಲ್ಲಿ ಹಾಕಿ. ಓಲ್ಡ್ ಕೋರ್ಸ್‌ನಲ್ಲಿ ಕೂತು ಓಡಾಡುವ ಗಾಡಿ ಎಲ್ಲರಿಗೂ ಕೊಡುವುದಿಲ್ಲ. ಆರೋಗ್ಯದ ಕಾರಣ ಇದ್ದರೆ ಮೊದಲೇ ಕೇಳಬೇಕು. ಉಳಿದವರು ನಡೆದೇ ಆಡಬೇಕು. ಹಿರಿಯರು ಅಂದಿರಲ್ಲ, ಅದಕ್ಕೆ ಹೇಳಿದೆ. ಜೂನ್ ಆದರೆ ಕತ್ತಲಾಗುವುದು ರಾತ್ರಿ ಹತ್ತರ ಮೇಲೆ, ಅವಸರ ಇಲ್ಲ. ಮಳೆ ಕೋಟು ಮಾತ್ರ ದಿನವೂ ಬೇಕು.

ವಿರಾಜಪೇಟೆಯಿಂದ:

ನಡೆಯುವುದಕ್ಕೆ ತೋಟದವರಿಗೆ ಹೇಳಿಕೊಡಬೇಕಾ? ಮಳೆ ಕೋಟೂ ಇದೆ. ‘ಐಷಾರಾಮಿ’ ಮಾತ್ರ ಬೇಡ. ಹೋಗುವವರಿಗೇ ಮುಜುಗರ. ‘ಒಳ್ಳೆ ವ್ಯವಸ್ಥೆ’ ಅಂದರೆ ಸಾಕು.

ಬೆಂಗಳೂರಿನ ಅನುವಾದಕಿ:

ಹೀಗೆ ಕಳಿಸುತ್ತಿದ್ದೇನೆ. ತಲೆಬರಹ: ‘ಸ್ಕಾಟ್ಲೆಂಡಿನ ಹಳೆಯ ಲಿಂಕ್ಸ್ ಮೈದಾನಗಳಲ್ಲಿ ಗಾಲ್ಫ್ ಪ್ರವಾಸ. ಜೊತೆಗೆ ಗೈಡ್, ರಾಜೋಪಚಾರದ ವ್ಯವಸ್ಥೆ.’ ಕೆಳಗೆ ಸಣ್ಣ ಅಕ್ಷರದಲ್ಲಿ: ‘ಲಿಂಕ್ಸ್ ಎಂದರೆ ಕಡಲಮಾಳ. ಕಡಲತಡಿಯಲ್ಲಿ ದಿಬ್ಬ ತಗ್ಗುಗಳಿರುವ, ಗಿಡ್ಡ ಹುಲ್ಲಿನ ಮರಳು ನೆಲ. ಒಂದು ಕಾಲಕ್ಕೆ ಕುರಿ ಮೇಯುತ್ತಿದ್ದ ಊರೊಟ್ಟಿನ ಬಯಲು.’ ಓಲ್ಡ್ ಕೋರ್ಸ್ ಹೆಸರು ಹಾಗೇ ಇದೆ. ಬ್ಯಾಲೆಟ್‌ಗೆ ‘ಚೀಟಿ ಎತ್ತುವುದು (ಲಕ್ಕಿ ಡಿಪ್)’. ಇಬ್ಬರಿಗೂ ಬೇಜಾರಿಲ್ಲ. ಎಲ್ಲರಿಗೂ ಧನ್ಯವಾದ.

ಕುಂದಾಪುರದ ಕಡೆಯವರು:

ಹೊಯಿಗೆ ಬರಲೇ ಇಲ್ಲ.

ಮೈಸೂರಿನ ಮೇಷ್ಟ್ರು:

ಕಡಲಮಾಳ ಉಳಿಯಿತು, ಸಂತೋಷ. ‘ಗೈಡ್’ ಬಗ್ಗೆ ಬೇರೆ ಎಳೆ ಶುರುಮಾಡುತ್ತೇನೆ.

ಧಾರವಾಡದಿಂದ:

ಮಾತಿಲ್ಲ ಅಂದಿದ್ದಿರಿ.